ನಿದ್ದೆಯಲ್ಲಿ ಗೋಡೆ ತಟ್ಟುತ್ತಿದ್ದ ಅಮರಪ್ಪ

ಹೊಸದಾಗಿ ಸರ್ಕಾರಿ ಸೇವೆಗೆ ಸೇರಿದ ವೈದ್ಯ ಹುಡುಗ ಹುಡುಗಿಯರು ಆಗಾಗ ಸಿಂಧನೂರಿನ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಅದಿಲ್ಲ ಇದಿಲ್ಲ ಎಂದು ಗೊಣಗುತ್ತಾರೆ, ಕೊನೆಗೆ, "ಮೇಡಂ, ಸ್ಕ್ಯಾನಿಂಗ್ ಇಲ್ಲದೆ ನೀವು ನರದ ಕಾಯಿಲೆಗಳನ್ನು ಹೇಗೆ ಹಿಡಿಯುತ್ತಿದ್ದಿರಿ?" ಎಂದು ಕೇಳುತ್ತಾರೆ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಸುಳ್ಳೇಕೆ ಹೇಳಲಿ, ನಾನು ಸ್ವಲ್ಪ ಜಂಬದ ಹೆಂಗಸು. ಲಿಂಗಸುಗೂರು, ಮಸ್ಕಿ, ಸಿಂಧನೂರು, ಈ ಮೂರು ಊರುಗಳಲ್ಲೇ ನನ್ನ ಸೇವೆ ಮುಗಿಯಿತು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಆದರೆ ರೋಗಿಯ ನಿದ್ದೆಯನ್ನು ವಿಚಾರಿಸುವುದನ್ನು ಹೇಗೆ ಕಲಿತೆ, ಅದರಿಂದ ಮಸ್ಕಿಯ ಒಂದು ಸಂಸಾರ ಹೇಗೆ ಉಳಿಯಿತು ಎಂಬುದನ್ನು ಬರೆದಿಡಲೇಬೇಕು ಅನಿಸಿದೆ.

ಕಲಿಸಿದವರು ಲಿಂಗಸುಗೂರಿನ ನಮ್ಮ ದೊಡ್ಡ ಡಾಕ್ಟರು. ಆಸ್ಪತ್ರೆಯ ಮುಖ್ಯಸ್ಥರು. ಎತ್ತರದ ಆಳು, ಬಾಯಲ್ಲಿ ಸದಾ ಏಲಕ್ಕಿ, ಮೂಗಿನ ತುದಿಯಲ್ಲಿ ಸಿಟ್ಟು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುದಗಲ್ಲಿನ ಕಿರಾಣಿ ಅಂಗಡಿಯವರೊಬ್ಬರ ತಾಯಿ, ನಿದ್ದೆ ಬರುವುದಿಲ್ಲ ಎಂದು ಸೊಸೆಯ ಜೊತೆ ಬಂದಿದ್ದರು. ನಾನು ಎರಡು ಮಾತು ಕೇಳಿ ನಿದ್ದೆಯ ಗುಳಿಗೆ ಬರೆದೆ. ದೊಡ್ಡ ಡಾಕ್ಟರು ನನ್ನ ಹೆಗಲ ಮೇಲಿಂದ ಚೀಟಿ ನೋಡಿದರು.

"ಈ ಗುಳಿಗಿ ಯಾಕ ಬರದೆವ್ವಾ?"

"ನಿದ್ದೆ ಬರಲ್ಲ ಅಂದ್ರು ಸರ್."

"ಯಾಕ ಬರಂಗಿಲ್ಲ ಅಂತ ಕೇಳ್ದೇನು?"

ನಾನು ಕೇಳಿರಲಿಲ್ಲ. ಅವರು ಸೊಸೆಯ ಕಡೆ ತಿರುಗಿದರು. "ಯವ್ವಾ, ನಿಮ್ಮತ್ತಿ ಬಾಜೂಕ ಯಾರು ಮಲಗ್ತೀರಿ?"

"ನಾನೇ ರೀ ಸಾಹೇಬರ."

"ರಾತ್ರಿ ಏನು ಮಾಡ್ತಾರ, ಹೇಳು."

"ಮಗ್ಗಲು ಬದಲಸಾಕ ಆಗಂಗಿಲ್ರೀ ಅವರಿಗಿ. ನಾನೇ ಎದ್ದು ಹೊಳ್ಳಸ್ತೀನಿ. ಒಂದು ಕಡಿ ಹೊಳ್ಳಸಿ ನಾ ಕಣ್ಣು ಮುಚ್ಚೂದ್ರಾಗ ಇನ್ನೊಂದು ಕಡಿ ಹೊಳ್ಳಸು ಅಂತಾರ."

ದೊಡ್ಡ ಡಾಕ್ಟರು ಆ ಅಜ್ಜಿಯ ಮೊಣಕೈ ಹಿಡಿದು ಮಡಿಸಿ ಬಿಡಿಸಿ ನೋಡಿದರು. ತುಕ್ಕು ಹಿಡಿದ ಬಾಗಿಲಿನ ಹಾಗೆ ತಡೆದು ತಡೆದು ಬರುತ್ತಿತ್ತು. ಕೈ ಮಾತ್ರ ನಡುಗುತ್ತಿರಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ನಾನು ಮರೆತಿಲ್ಲ. ಅಷ್ಟು ಜನರ ಎದುರಿಗೆ ನನ್ನನ್ನೇ ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿ, "ಕೈ ಊರದಂಗ, ಮೈ ಬಳಕಸದಂಗ ಹೊಳ್ಳು ನೋಡೂಣು" ಎಂದರು. ನಾನು ಆಮೆಯ ಹಾಗೆ ಒದ್ದಾಡಿದೆ. ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು, ಅಜ್ಜಿಯೂ ನಕ್ಕಿತು. "ಈಗ ತಿಳೀತೇನು ಈ ಮುದುಕಿ ರಾತ್ರಿ ತಕಲೀಫು? ಇದು ಪಾರ್ಕಿನ್ಸನ್. ಇನ್ನೂ ಶುರು. ಮೈ ಬಿಗಿ ಹಿಡದೈತಿ. ನೀ ನಿದ್ದಿ ಗುಳಿಗಿ ಕೊಟ್ರ ಅರೆನಿದ್ದ್ಯಾಗ ಎದ್ದು ಬಿದ್ದು ಸೊಂಟ ಮುರಕೋತಾಳ."

ಅಂದಿನಿಂದ ನಾನು ನಿದ್ದೆಯ ದೂರು ಬಂದರೆ ಪಕ್ಕದಲ್ಲಿ ಮಲಗುವವರನ್ನು ಮೊದಲು ಕೂರಿಸಿಕೊಂಡು ಕೇಳತೊಡಗಿದೆ. ಮಗ್ಗಲು ಬದಲಿಸುತ್ತಾರಾ, ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಕಾಲು ಸುಮ್ಮನಿಡುತ್ತಾರಾ, ನಿದ್ದೆಯಲ್ಲಿ ಮಾತಾಡುತ್ತಾರಾ, ಹಗಲು ಊಟದ ತಾಟಿನ ಮುಂದೆ ತೂಕಡಿಸುತ್ತಾರಾ. ಪಾರ್ಕಿನ್ಸನ್ ಎಂದರೆ ಕೈ ನಡುಗುವ ರೋಗ ಎಂದೇ ಜನ ತಿಳಿದಿರುತ್ತಾರೆ. ನಡುಕ ಬರುವ ಎಷ್ಟೋ ಮೊದಲು, ಒಂದು ಗುಳಿಗೆಯನ್ನೂ ನುಂಗುವ ಮೊದಲೇ, ಅದು ರೋಗಿಯ ಹಾಸಿಗೆಯಲ್ಲಿ ಬಂದು ಕೂತಿರಬಹುದು.

ಹಾಗಂತ ನಿದ್ದೆಗೆಟ್ಟವರಿಗೆಲ್ಲ ಆ ರೋಗದ ಹಣೆಪಟ್ಟಿ ಹಚ್ಚಬೇಡಿ. ಗೊರೇಬಾಳದ ಈರೇಶಪ್ಪ ಎಂಬ ರೈತನಿಗೆ ನಾನು ಹಾಗೆ ಹಚ್ಚಲು ಹೊರಟಿದ್ದೆ. ಅವನಿಗೆ ಮಲಗಿದ ಕೂಡಲೇ ಕಾಲಲ್ಲಿ ಏನೋ ಹರಿದಾಡಿದಂತಾಗಿ ಎದ್ದು ನಡೆಯಲೇಬೇಕಾಗುತ್ತಿತ್ತು. ಗದ್ದೆ ಸೀಮೆಯಲ್ಲಿ ರಾತ್ರಿ ಬದುವಿನ ಮೇಲೆ ಓಡಾಡುವವನನ್ನು ಯಾರು ನಂಬುತ್ತಾರೆ? ಕಾಲುವೆ ನೀರು ತನ್ನ ಗದ್ದೆಗೆ ತಿರುಗಿಸಿಕೊಳ್ಳಲು ಬಂದ ಕಳ್ಳ ಎಂದು ನೆರೆಹೊಲದವರು ಹಿಡಿದು ಕೂರಿಸಿದ್ದರು. ನಾನು ಅವನನ್ನು ದೊಡ್ಡ ಊರಿಗೆ ಕಳಿಸಲು ಚೀಟಿ ಬರೆಯುತ್ತಿದ್ದಾಗ ನಮ್ಮ ದೊಡ್ಡ ಡಾಕ್ಟರ ಗದರಿಕೆ ನೆನಪಾಗಿ, ಅವನ ಕಣ್ಣಿನ ರೆಪ್ಪೆ ಎಳೆದು ನೋಡಿದೆ. ಹಾಳೆಯ ಹಾಗೆ ಬೆಳ್ಳಗಿತ್ತು. ಮೈಯಲ್ಲಿ ರಕ್ತವಿರಲಿಲ್ಲ. ಕಬ್ಬಿಣದ ಗುಳಿಗೆ ನುಂಗಿ ಕಾಲು ನೆಟ್ಟಗಾಯಿತು, ಕಳ್ಳನೆಂಬ ಹೆಸರೂ ಹೋಯಿತು. ಆ ಸಲ ಹೊಸ ಅಕ್ಕಿ ಬಂದಾಗ ಒಂದು ಚೀಲ ಹೊತ್ತುಕೊಂಡು ಬಂದಿದ್ದ. ಬೈದು ವಾಪಸು ಕಳಿಸಿದೆ.

ಈಗ ಅಮರಪ್ಪನ ವಿಷಯಕ್ಕೆ ಬರುತ್ತೇನೆ. ಆಗ ನಾನು ಮಸ್ಕಿಯಲ್ಲಿದ್ದೆ. ಒಂದು ಬೆಳಿಗ್ಗೆ ಸಾಲು ಬಾಗಿಲ ಹೊರಗೂ ಬೆಳೆದಿದ್ದಾಗ ಗಟ್ಟಿಮುಟ್ಟಾದ ಆಳೊಬ್ಬ ಸಾಲನ್ನು ಸೀಳಿಕೊಂಡು ಒಳಗೆ ಬಂದ. ಹಿಂದೆ ತಲೆತುಂಬ ಸೆರಗು ಹೊದ್ದ ಹೆಂಗಸು. ಅವನು ಹೇಳಿದ ಪ್ರಕಾರ ಅವನ ಹೆಸರು ಮಾನಪ್ಪ, ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಳಗಿಳಿದು ಕೆಲಸ ಮಾಡುವವನು. ಹೆಂಗಸು ಅವನ ಅಕ್ಕ ಶರಣಮ್ಮ.

"ಮೇಡಂರೀ, ನಮ್ಮಕ್ಕಗ ಗಂಡ ಹೊಡದಾನ. ಗಾಯದ ಸರ್ಟಿಫಿಕೇಟ್ ಬರಕೊಡ್ರಿ. ಇಲ್ಲಿಂದ ಸೀದಾ ಠಾಣೆಕ್ಕ ಹೋಗಿ ಕೇಸ್ ಹಾಕ್ತೀನಿ. ಆಮ್ಯಾಲ ಅಕ್ಕನ್ನ ಮುದಗಲ್ಲಿಗಿ, ನಮ್ಮ ತವರಮನಿಗಿ ಕರಕೊಂಡು ಹೋಗ್ತೀನಿ. ಇನ್ನ ಆ ಮನಿ ಹೊಸ್ತಿಲ ತುಳಿಸಂಗಿಲ್ಲ."

"ಹೊಡದಿದ್ದು ನೀ ನೋಡೀಯೇನು?"

"ಕಿವಿಲೆ ಕೇಳೀನ್ರಿ. ನಿನ್ನೆ ಅವ್ರ ಮನ್ಯಾಗೇ ಮಲಗಿದ್ದೆ. ಆ ಬೈಗುಳೇನು, ಆ ಒದರಾಟೇನು! ಹಗಲತ್ತು ಬಾಯಾಗ ನಾಲಿಗೀನೇ ಇಲ್ಲೇನೋ ಅನ್ನಂಗ ಮೆತ್ತಗ ಮಾತಾಡ್ತಾನ್ರಿ. ಅಂಗಿ ಗುಂಡಿ ಹಾಕ್ಕಳಾಕ ಅರ್ಧ ತಾಸು ಬೇಕು. ರಾತ್ರಿ ಆಗೂದ ತಡ, ಎಲ್ಲಿ ಇರತೈತೋ ಆ ತಾಕತ್ತು! ನಾಟಕರೀ, ಹಗಲೆಲ್ಲ ಬರೇ ನಾಟಕ."

ಅವನ ಕಣ್ಣುಗಳು ಕೆಂಪಾಗಿದ್ದವು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಎಂದು ಆಮೇಲೆ ತಿಳಿಯಿತು. ಅವನನ್ನು ಗಣಿ ಕೆಲಸಕ್ಕೆ ಹಚ್ಚಿದವನು, ಪಕ್ಕದಲ್ಲಿ ಇಟ್ಟುಕೊಂಡು ಕೆಲಸ ಕಲಿಸಿದವನು ಇದೇ ಭಾವ ಅಮರಪ್ಪ.

ಹೆಂಡತಿಗೆ ಹೊಡೆಯುವ ಗಂಡಂದಿರನ್ನು ನನ್ನ ಸೇವೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಳದ ಹತ್ತಿರ ಜಾರಿ ಬಿದ್ದೆ, ಎಮ್ಮೆ ಹಾಯಿತು ಎಂದು ಹೇಳುವ ಹೆಂಗಸರ ಮಾತನ್ನು ನಾನು ನಂಬಿದ್ದು ಕಡಿಮೆ. ಅಂಥವರನ್ನು ಒಬ್ಬರೇ ಕೂರಿಸಿಕೊಂಡು ಮಾತಾಡಿಸದೆ ನಾನು ಎಂದೂ ಹೊರಗೆ ಬಿಟ್ಟಿಲ್ಲ, ನೀವೂ ಬಿಡಬೇಡಿ. ಮಾನಪ್ಪನನ್ನು ಹೊರಗೆ ಕಳಿಸಿ ಪರದೆ ಎಳೆದೆ.

ಶರಣಮ್ಮನ ಕೆನ್ನೆಯ ಎಲುಬಿನ ಮೇಲೆ ನೀಲಿಗಟ್ಟಿತ್ತು. ಕುಪ್ಪಸ ಸರಿಸಿ ನೋಡಿದರೆ ಎರಡೂ ಕಂಕುಳ ಕೆಳಗೆ, ರಟ್ಟೆಯ ಒಳಬದಿಯಲ್ಲಿ ಬೆರಳಿನ ಗುರುತುಗಳು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ನನಗೆ ಅದು ವಿಚಿತ್ರ ಅನಿಸಿತು. ಹೊಡೆಯುವವನು ಬೆನ್ನು, ತಲೆ, ಮುಖ ನೋಡಿ ಹೊಡೆಯುತ್ತಾನೆ. ಕಂಕುಳಿಗೆ ಯಾಕೆ ಕೈ ಹಾಕುತ್ತಾನೆ?

"ಯಾರು ಮಾಡಿದ್ರು ತಂಗೀ?"

"ಅವರೇ ರೀ." ಸ್ವಲ್ಪ ತಡೆದು ಹೇಳಿದಳು, "ಆದ್ರ ಅವರಲ್ರೀ."

"ಹಂಗಂದ್ರ?"

"ನಿದ್ದ್ಯಾಗ್ರೀ ಡಾಕ್ಟರಮ್ಮಾರ. ಎಚ್ಚರ ಇರಂಗಿಲ್ಲ ಅವರಿಗಿ. ಮುಂಜಾನಿ ಎದ್ದು ಅವರೇ ಕೇಳ್ತಾರ, ಮಾರಿ ಯಾಕ ಬಾತೈತಿ ಅಂತ. ನಾ ಏನಂತ ಹೇಳ್ಲಿ? ಬಾಗಲ ಬಡೀತು ಅಂದೆ. ನಿನ್ನೆ ನಮ್ಮ ತಮ್ಮ ಒದರಾಡಿ ಹೇಳಿದ ಮ್ಯಾಲೇ ಅವರಿಗಿ ಗೊತ್ತಾಗಿದ್ದು. ಅಲ್ಲಿಂದ ಒಂದು ಗುಟುಕು ನೀರೂ ಕುಡದಿಲ್ಲ."

"ಹಗಲತ್ತು ಅವರ ಭಯ ಐತೇನು ನಿನಗ? ಖರೇ ಹೇಳು. ಇಲ್ಲಿ ಯಾರೂ ಇಲ್ಲ."

ಅವಳಿಗೆ ನಗು ಬಂತು. ಆ ಬಾತ ಕೆನ್ನೆಯಲ್ಲೂ ನಗು. "ಅವರ ಭಯ ಏನ್ರೀ? ರಿಟೈರ್ ಆದಾಗಿಂದ ಮುಂಜಾನಿ ನನಗಿಂತ ಮೊದಲೆದ್ದು ಚಹಾ ಮಾಡಿಕೊಡ್ತಾರ. ಹಾಲು ಉಕ್ಕಿ ಹೊತ್ತಿ ಮನಿ ತುಂಬ ವಾಸನಿ ಹಿಡದ್ರೂ ಒಲಿ ಮುಂದ ನಿಂತವ್ರಿಗೇ ಗೊತ್ತಾಗಂಗಿಲ್ಲ. ಹಂಗೇ ಕುಡೀತೀನಿ."

ನನ್ನ ಕಿವಿ ನೆಟ್ಟಗಾಯಿತು. ಎದುರಿಗೇ ಹಾಲು ಹೊತ್ತಿದರೂ ಮೂಗಿಗೆ ತಿಳಿಯುವುದಿಲ್ಲ. ದನಿ ಮೆತ್ತಗಾಗಿದೆ. ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ಮಾನಪ್ಪ ನಾಟಕ ಎಂದು ಬೈದದ್ದೂ ಶರಣಮ್ಮ ಮುದ್ದಿನಿಂದ ಹೇಳಿದ್ದೂ ನನ್ನ ತಲೆಯಲ್ಲಿ ಒಂದೇ ಕಡೆ ಬಂದು ಸೇರುತ್ತಿದ್ದವು. ದೊಡ್ಡ ಡಾಕ್ಟರು ಕಲಿಸಿದ ಪ್ರಶ್ನೆಯನ್ನೇ ಕೇಳಿದೆ.

"ರಾತ್ರಿ ಏನೇನು ಮಾಡ್ತಾರ, ಶುರುವಿಂದ ಹೇಳು."

"ಮೊದಲ ಗೋಡಿ ತಟ್ಟತಾರ್ರೀ. ತಲಿ ಮ್ಯಾಲ ಕೈ ಎತ್ತಿ ಹಿಂಗ ಮುಷ್ಟಿಲೆ ತಟ್ಟೂದು, ಸುಮ್ಮನಾಗೂದು. ಏನೋ ಕೇಳಿಸ್ಕೊಂಡಂಗ. ಮತ್ತ ತಟ್ಟೂದು. ನಮ್ಮ ಓಣಿಯವ್ರು ಗಾಳಿ ಸೋಕೈತಿ ಅಂತ ತಾಯತ ಕಟ್ಟಿಸ್ಯಾರ. ತಟ್ಟಿ ತಟ್ಟಿ ಒಮ್ಮಿಗೇ ಒದರ್ತಾರ, ಬೈತಾರ, ನನ್ನ ಹಿಡದು ಎಳೀತಾರ. ಮಂಚದಿಂದ ಕೆಳಗ ಬಿದ್ದೇ ಈ ಗಲ್ಲ ಬಾತದ್ದು."

"ಇದು ಯಾವಾಗಿಂದ?"

"ರಿಟೈರ್ ಆಗಿ ಮಸ್ಕಿಗೆ ಬಂದಾಗಿಂದ್ರೀ. ಹಟ್ಟ್ಯಾಗ ಇದ್ದಾಗ ಒಂದು ದಿನಾನೂ ಹಿಂಗ ಮಾಡಿಲ್ಲ."

ಅಲ್ಲಿಯೇ ಎಲ್ಲರೂ ಎಡವಿದ್ದರು. ಕೆಲಸ ಬಿಟ್ಟ ಗಂಡಸು ಮನೆಯಲ್ಲಿ ಕೂತು ಕೆಟ್ಟ ಎಂದು ಮಾನಪ್ಪ ತಿಳಿದ. ಹೊಸ ಮನೆಯ ಜಾಗ ಸರಿಯಿಲ್ಲ ಎಂದು ಓಣಿಯವರು ತಿಳಿದರು. ನಾನು ಅಷ್ಟಕ್ಕೆ ಬಿಡದೆ, ಹಟ್ಟಿಯಲ್ಲಿ ಅವರ ಪಕ್ಕದಲ್ಲಿ ಯಾರು ಮಲಗುತ್ತಿದ್ದರು ಎಂದು ಕೇಳಿದೆ.

"ಯಾರೂ ಇಲ್ರೀ! ಶಿಫ್ಟಿನ ಮನಿಷ್ಯಾರ ಬಾಜೂಕ ಯಾರು ಮಲಗ್ತಾರ?" ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು.

ಗಣಿಯ ವಸತಿ ಮನೆಗಳಲ್ಲಿ ಶಿಫ್ಟಿನವನ ನಿದ್ದೆಗೆ ದೇವರ ಕೋಣೆಯ ಮಡಿ. ಒಳಕೋಣೆ ಅವನದು. ಒಂದು ವಾರ ಹಗಲು ಮಲಗುತ್ತಾನೆ, ಇನ್ನೊಂದು ವಾರ ರಾತ್ರಿ. ಅವನು ಮಲಗಿದಾಗ ಕುಕ್ಕರ್ ಇಡುವುದಿಲ್ಲ, ಮಕ್ಕಳು ಗದ್ದಲ ಮಾಡುವಂತಿಲ್ಲ, ಬಾಗಿಲನ್ನಂತೂ ಯಾರೂ ತೆರೆಯುವುದಿಲ್ಲ. ಮಕ್ಕಳು ಹುಟ್ಟಿದ ಮೇಲೆ ಶರಣಮ್ಮ ಪಡಸಾಲೆಗೆ ಬಂದವಳು ಅಲ್ಲೇ ಉಳಿದಿದ್ದಳು. ಒಳಗಿಂದ ಸದ್ದು ಬಂದರೂ ಬೆಕ್ಕು ಹೊಕ್ಕಿರಬೇಕು ಎಂದುಕೊಳ್ಳುತ್ತಿದ್ದಳಂತೆ. ಒಮ್ಮೆ ಕನ್ನಡಿ ಒಡೆದಿತ್ತು, ಒಮ್ಮೆ ನೀರಿನ ಗಡಿಗೆ. ಊಟಕ್ಕೆ ಕೂತಲ್ಲಿ ಅಮರಪ್ಪ ತೂಕಡಿಸಿದರೆ ಶಿಫ್ಟಿನ ದಣಿವು. ನಡಿಗೆ ನಿಧಾನವಾದರೆ ಅದೂ ಶಿಫ್ಟಿನ ದಣಿವು. ಇಷ್ಟು ವರ್ಷಗಳ ಮೇಲೆ ಗಂಡ ಹೆಂಡತಿ ಮತ್ತೆ ಒಂದೇ ಕೋಣೆಯಲ್ಲಿ ಮಲಗತೊಡಗಿದ್ದು ಮಸ್ಕಿಯ ಮನೆಯಲ್ಲಿ. ಒಳಕೋಣೆಯಲ್ಲಿ ಯಾವಾಗಲೋ ಶುರುವಾಗಿದ್ದ ರೋಗ ಆಗ ಹೆಂಡತಿಯ ಕಣ್ಣಿಗೆ ಬಿತ್ತು.

ಹೊರಗೆ ಇಣುಕಿ ನೋಡಿದೆ. ಅಮರಪ್ಪನೂ ಬಂದಿದ್ದ. ಯಾರೂ ಕರೆಯದಿದ್ದರೂ ಹಿಂದೆಯೇ ನಡೆದು ಬಂದು ವರಾಂಡದ ಕಂಬದ ಬಳಿ ನಿಂತಿದ್ದ. ಒಳಗೆ ಬಾ ಎಂದೆ. ಅವನು ಬಾಗಿಲಿಂದ ನನ್ನ ಮೇಜಿಗೆ ಬರುವಷ್ಟರಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಹೊಲಿದ ಹಾಗೆ ಅಲ್ಲಾಡುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳು ಬಡಿ ಎಂದರೆ ಎಡಗೈ ಚಟಪಟ ಬಡಿಯಿತು, ಬಲಗೈಯ ಬಡಿತ ನಾಲ್ಕಕ್ಕೇ ಸೋತು ಸಣ್ಣದಾಯಿತು. ಮೊಣಕೈ ಮಡಿಸಿದರೆ ಮುದಗಲ್ಲಿನ ಅಜ್ಜಿಯದೇ ಬಿಗಿತ. ನಮ್ಮ ಆಯಾಳ ಊಟದ ಡಬ್ಬಿಯಲ್ಲಿದ್ದ ಇಂಗಿನ ಒಗ್ಗರಣೆಯ ಚಟ್ನಿಪುಡಿಯನ್ನು ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಹಿಡಿದೆ. ಇಡೀ ಕೋಣೆಯೇ ಘಮ್ಮೆನ್ನುತ್ತಿತ್ತು.

"ಏನು ವಾಸನಿ ಬರಾಕತ್ತೈತಿ?"

"ಏನಿಲ್ರೀ." ಕಿವಿ ಹತ್ತಿರ ಒಯ್ದರೆ ಮಾತ್ರ ಕೇಳುವ ದನಿ.

ಆಗ ಅವನ ಮಣಿಕಟ್ಟು ನೋಡಿದೆ. ಎರಡರಲ್ಲೂ ಚರ್ಮ ಕೆಂಪಗೆ ಉಜ್ಜಿಹೋಗಿತ್ತು. ಏನಿದು ಎಂದರೆ ತಲೆ ತಗ್ಗಿಸಿದ. ಶರಣಮ್ಮನೇ ಹೇಳಬೇಕಾಯಿತು. ಹಿಂದಿನ ರಾತ್ರಿ ಮಾನಪ್ಪ ಬೈದ ಮೇಲೆ ಅಮರಪ್ಪ ಅವಳ ಹಳೆಯ ಸೀರೆ ಹರಿದು, ತನ್ನ ಎರಡೂ ಕೈಗಳನ್ನು ಮಂಚದ ಕಾಲಿಗೆ ತಾನೇ ಹಲ್ಲಿನಿಂದ ಗಂಟು ಬಿಗಿದು ಕಟ್ಟಿಕೊಂಡು ಬೆಳಗಿನ ತನಕ ಕೂತಿದ್ದ.

"ನನಗ ಒಂದೂ ನೆನಪಿಲ್ರೀ," ಎಂದ ಅಮರಪ್ಪ. "ಆದ್ರ ಮಾನಪ್ಪ ಸುಳ್ಳು ಹೇಳೂ ಹುಡುಗಲ್ಲ. ಹೊಡದಿರಬೇಕು. ಅಕಿ ಹೋಗ್ಲಿ ಬಿಡ್ರಿ. ನನ್ನ ಬಾಜೂಕ ಇದ್ರ ಒಂದಿನ ಸತ್ತುಹೋಗ್ತಾಳ."

ರೋಗ ನನಗೆ ತಿಳಿದಿತ್ತು. ಹೊರಗೆ ಕೂತ ಮಾನಪ್ಪನಿಗೆ ತಿಳಿಸುವುದು ಹೇಗೆ ಎಂಬುದೇ ಪ್ರಶ್ನೆ. ಕನಸಿನ ಹೊತ್ತಿನಲ್ಲಿ ಎಲ್ಲರ ಮೈಗೂ ಪ್ರಕೃತಿ ಒಂದು ಚಿಲಕ ಹಾಕಿರುತ್ತದೆ, ಓಡುವ ಕನಸು ಬಿದ್ದರೂ ಕಾಲು ಓಡುವುದಿಲ್ಲ. ಕೆಲವರಲ್ಲಿ ಈ ರೋಗದ ಆರಂಭಕ್ಕೆ ಆ ಚಿಲಕ ಕಳಚಿಕೊಳ್ಳುತ್ತದೆ, ಆಗ ಕಂಡ ಕನಸನ್ನು ಮೈ ಮಾಡಿಬಿಡುತ್ತದೆ. ಹಗಲು ಕುಗ್ಗಿದ ದನಿ, ಸೋತ ಕೈ ಕನಸಿನಲ್ಲಿ ಮೊದಲಿನಂತೆಯೇ ಆಡುತ್ತವೆ. ಇದನ್ನೆಲ್ಲ ನಾನು ಹೇಳಬಹುದು. ಅಕ್ಕನ ಬಾತ ಮುಖ ನೋಡಿದ ತಮ್ಮ ನಂಬಬೇಕಲ್ಲ! ನಂಬದಿದ್ದರೆ ಠಾಣೆ, ಮುದಗಲ್ಲು, ಅಲ್ಲಿಗೆ ಇವರ ಸಂಸಾರ ಮುಗಿಯಿತು.

ಶರಣಮ್ಮನ ಒಪ್ಪಿಗೆ ಕೇಳಿ ಮಾನಪ್ಪನನ್ನು ಒಳಗೆ ಕರೆದೆ. ಭಾವನನ್ನು ಕಂಡು ಅವನು ಮುಖ ಗೋಡೆಗೆ ತಿರುಗಿಸಿ ಕೂತ. "ಶರಣಮ್ಮ, ನನಗ ಹೇಳಿದ್ದು ನಿಮ್ಮ ತಮ್ಮನ ಮುಂದ ಇನ್ನೊಮ್ಮೆ ಹೇಳು. ಮಾಡಿ ತೋರಸು," ಎಂದೆ. ಅವಳು ಕೈ ಎತ್ತಿ ತಲೆಯ ಮೇಲಿನ ಗೋಡೆ ತಟ್ಟಿದಳು, ಕಿವಿಗೊಟ್ಟಂತೆ ಸುಮ್ಮನಾದಳು, ಮತ್ತೆ ತಟ್ಟಿದಳು.

ಮಾನಪ್ಪ ಮೆಲ್ಲಗೆ ಈ ಕಡೆ ತಿರುಗಿದ.

"ತಟ್ಟಿದ ಮ್ಯಾಲೆ ಏನಂತಾರಕ್ಕಾ?"

"ಸಡ್ಲ ಐತಿ, ಹಿಂದ ಸರೀ ಲೇ, ಅಂತಾರ. ಕೆಟ್ಟ ಕೆಟ್ಟ ಬೈಗುಳ ಬೈತಾರ."

"ಆಮ್ಯಾಲೆ ಎಲ್ಲಿ ಹಿಡೀತಾರ? ಎಲ್ಲಿ?"

ಅವಳು ಎರಡೂ ಕಂಕುಳ ತೋರಿಸಿದಳು. ಮಾನಪ್ಪ ಎದ್ದು ನಿಂತ. ಏನು ಮಾಡುತ್ತಾನೋ ಎಂದು ನಾನೂ ಎದ್ದೆ. ಅವನು ತನ್ನದೇ ಕಂಕುಳಿಗೆ ಕೈ ಇಟ್ಟುಕೊಂಡು ನಿಂತಿದ್ದ.

"ಮೇಡಂರೀ," ಎಂದ ಕೊನೆಗೆ, "ಇದು ಹೊಡತ ಅಲ್ರೀ. ಕೆಳಗ ಕೆಲಸ ಶುರು ಮಾಡೂ ಮುಂಚೆ ನೆತ್ತಿ ಮ್ಯಾಲಿನ ಕಲ್ಲನ್ನ ಕಬ್ಬಿಣದ ಸರಳಿಲೆ ತಟ್ಟಿ ನೋಡ್ತೀವಿ. ಗಟ್ಟಿ ಇದ್ರ ಒಂದು ಸಪ್ಪಳ, ಸಡ್ಲ ಇದ್ರ ಇನ್ನೊಂದು. ಪೊಳ್ಳ ಸಪ್ಪಳ ಕೇಳಿದ್ರ ಬಾಜೂಕ ಇದ್ದವನ್ನ ಹಿಂದಿಂದ ಕಂಕಳಾಗ ಕೈ ಹಾಕಿ ಎಳದು ಒಗೀಬೇಕು. ನನಗ ಕಲಿಸಿದವ್ರೇ ಇವ್ರು. ಎಷ್ಟು ಸಲ ಎಳದಾರೋ! ಹಿಂಗೇ ಬೈದು ಎಳದಾರ." ಅವನು ಅಕ್ಕನ ಕಡೆ ತಿರುಗಿದ. "ಅಕ್ಕಾ, ಭಾವ ನಿನ್ನ ಹೊಡ್ಯಾಕತ್ತಿಲ್ಲ. ಉಳಸಾಕತ್ತಾರ."

ಶರಣಮ್ಮ ಸೆರಗಿಗೆ ಮುಖ ಒತ್ತಿಕೊಂಡಳು. ಅಮರಪ್ಪ ಏನೂ ತಿಳಿಯದವನಂತೆ ಎಲ್ಲರ ಮುಖ ನೋಡುತ್ತಿದ್ದ. ತನ್ನ ಕೈಕೆಳಗಿನ ಯಾರಿಗೂ ಒಂದು ತರಚು ಗಾಯ ಆಗದಂತೆ ಸೇವೆ ಮುಗಿಸಿದ ಮನುಷ್ಯ ಅವನು. ಅವನಿಗೆ ಕನಸಿನಲ್ಲಿ ಆ ಕಾವಲು ಇನ್ನೂ ಬಿಟ್ಟಿರಲಿಲ್ಲ. ಮಾನಪ್ಪ ಹೋಗಿ ಭಾವನ ಕಾಲು ಮುಟ್ಟಿದ. ಅಮರಪ್ಪ ಅವನನ್ನು ಎತ್ತಿದ್ದು ಎಡಗೈಯಿಂದ. ನಾನು ಕಣ್ಣೊರೆಸಿಕೊಂಡೆನೇ ಎಂದು ಕೇಳಬೇಡಿ. ಹೊರಗಿನ ಸಾಲು ಕೂಗಾಡುತ್ತಿತ್ತು.

ಗಾಯಗಳನ್ನು ಇದ್ದದ್ದು ಇದ್ದ ಹಾಗೆ ಆಸ್ಪತ್ರೆಯ ದಾಖಲೆಯಲ್ಲಿ ಬರೆದೆ, ಕಾರಣವನ್ನೂ ಬರೆದೆ. ಆ ಕಾಗದ ಹಿಡಿದುಕೊಂಡು ಯಾರೂ ಠಾಣೆಗೆ ಹೋಗಲಿಲ್ಲ.

ಅಂದು ನಾನು ಅವರಿಗೆ ನಿದ್ದೆಯ ಗುಳಿಗೆ ಕೊಡಲಿಲ್ಲ. ಮೊದಲು ಹಾಸಿಗೆಯ ಇಲಾಜು. ಮಂಚ ತೆಗೆದು ನೆಲದ ಮೇಲೆ ಗಾದಿ ಹಾಕಿರಿ, ತಲೆ ಹತ್ತಿರ ಟ್ರಂಕು, ಚೆಂಬು, ಗಾಜು ಏನೂ ಇರಬಾರದು, ಗೋಡೆಗೆ ಹಳೆಯ ಕೌದಿ ತೂಗುಹಾಕಿರಿ, ಶರಣಮ್ಮ ಸದ್ಯಕ್ಕೆ ಬೇರೆ ಹಾಸಿಗೆಯಲ್ಲಿ ಮಲಗಲಿ ಎಂದೆ. ನರರೋಗ ತಜ್ಞರನ್ನು ಕಾಣಲು ರಾಯಚೂರಿಗೆ ಚೀಟಿ ಬರೆದೆ. "ಇವರ ಬಾಜೂಕ ಯಾರರ ಒಬ್ಬರು ಇರಬೇಕಲ್ಲ?" ಎಂದು ನಾನು ಕೇಳಿದಾಗ ಮಾನಪ್ಪ ಎದೆಯುಬ್ಬಿಸಿ ಹೇಳಿದ:

"ನಾ ರಜಾ ಹಾಕಿ ಮಲಗ್ತೀನ್ರಿ. ನನ್ನ ಬೇಕಾದಂಗ ಎಳೀಲಿ, ನನಗ ರೂಢಿ ಐತಿ."

ಅಮರಪ್ಪ ಮೊದಲ ಬಾರಿಗೆ ನಕ್ಕ. ಅವನ ಮುಖ ನಗುವುದಕ್ಕೆ ಸ್ವಲ್ಪ ತಡ ಮಾಡಿತು. ಅದೂ ಆ ರೋಗದ್ದೇ ಗುಣ. ಆದರೂ ನಕ್ಕ.

ರಾಯಚೂರಿನ ತಜ್ಞರು ನನ್ನ ಅನುಮಾನ ಪೂರಾ ಸರಿ ಎಂದು ಹೇಳಿ ಕಳಿಸಿದರು. ಪಾರ್ಕಿನ್ಸನ್ ರೋಗದ ಆರಂಭ. ಇನ್ನೂ ಯಾವ ಔಷಧಿಯೂ ಬೀಳದ ಮೈ. ಆ ದಿನ ನಾನು ಇಡೀ ಆಸ್ಪತ್ರೆಗೆ ಮಿರ್ಚಿ ಭಜಿ ತರಿಸಿದೆ. ಒಬ್ಬ ಮನುಷ್ಯನಿಗೆ ಇಂಥ ರೋಗ ಇದೆ ಎಂದು ಖಾತ್ರಿಯಾದಾಗ ಭಜಿ ತಿನ್ನುವುದು ಎಂಥ ಸಂಭ್ರಮ ಎಂದು ಹೊಸ ನರ್ಸ್ ಒಬ್ಬಳು ಗೊಣಗಿದಳು. ಅವಳಿಗೇನು ಗೊತ್ತು? ಒಬ್ಬ ಮರ್ಯಾದಸ್ಥನ ಮೇಲಿದ್ದ ಹೆಂಡತಿ ಬಡಿಯುವವನೆಂಬ ಕಳಂಕ ಅಂದು ತೊಳೆದುಹೋಗಿತ್ತು. ರೋಗಕ್ಕೆ ಔಷಧಿ ಇದೆ. ಆ ಕಳಂಕಕ್ಕೆ ಇರಲಿಲ್ಲ.

ಮಲಗುವಾಗ ಕನಸಿನ ಆರ್ಭಟ ತಗ್ಗಿಸುವ ಒಂದು ಔಷಧಿ, ಕೆಲವು ವಾರಗಳ ಮೇಲೆ ಬಿಗಿತ ಸಡಿಲಿಸುವ ಗುಳಿಗೆ ಶುರುವಾದವು. ನಾನು ದಿನಾ ದನಿ ಎತ್ತರಿಸಿ ಮಾತಾಡಲು, ಕೈ ಬೀಸಿ ನಡೆಯಲು ಹೇಳಿಕೊಟ್ಟೆ. ಮಸ್ಕಿಯ ಬೆಟ್ಟದ ಕಡೆ ಗಂಡ ಹೆಂಡತಿ ನಡೆದುಹೋಗುವಾಗ ಶರಣಮ್ಮ, "ಕೈ ಬೀಸ್ರೀ, ಕೈ ಬೀಸ್ರೀ" ಎಂದು ಹಿಂದಿನಿಂದ ಗದರುವುದು ಇಡೀ ಊರಿಗೇ ಕೇಳುತ್ತಿತ್ತು. ರೋಗ ಹೋಯಿತೆಂದು ನಾನು ಯಾವತ್ತೂ ಹೇಳಲಿಲ್ಲ. ಅದು ಹೋಗುವಂಥದ್ದಲ್ಲ, ಗುಳಿಗೆ ಬಿಡುವಂತಿಲ್ಲ, ಮುಂದೆ ಕಷ್ಟದ ದಿನಗಳೂ ಬರುತ್ತವೆ ಎಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಶರಣಮ್ಮ, "ಬರ್ಲಿ ಬಿಡ್ರಿ, ಇಬ್ರೂ ಅದೀವಲ್ಲ" ಎಂದಳು.

ತಿಂಗಳುಗಳ ನಂತರ ಒಂದು ದಿನ ಅವಳು ಒಬ್ಬಳೇ ಬಂದು ನನ್ನ ಮೇಜಿನ ಮುಂದೆ ನಿಂತಳು. ರಟ್ಟೆ ತೋರಿಸಿದಳು, ಒಂದು ಗುರುತೂ ಇರಲಿಲ್ಲ. "ಮಾನಪ್ಪನ್ನ ಹಟ್ಟಿಗಿ ಕಳಿಸಿಬಿಟ್ವಿರೀ. ಗೊರಕಿ ಹೊಡೀತಾನಂತ ಇವ್ರೇ ಬೈದು ಕಳಿಸಿದ್ರು. ನಾ ಮತ್ತ ಒಳಕ್ವಾಣ್ಯಾಗ ಮಲಗಾಕತ್ತೀನಿ," ಎಂದು ಹೇಳಿ ನಾಚಿ ಓಡಿಹೋದಳು.

ಈಗ ವಿಧಾನಗಳು ಬದಲಾಗಿವೆ. ನಿಮ್ಮ ಹತ್ತಿರ ರೋಗಿಯ ಮಗಳು ಮೊಬೈಲಿನಲ್ಲಿ ಅಪ್ಪನ ನಿದ್ದೆಯನ್ನು ಚಿತ್ರೀಕರಿಸಿಕೊಂಡು ಬರುತ್ತಾಳೆ, ದೊಡ್ಡ ಊರುಗಳಲ್ಲಿ ತಲೆಗೆ ತಂತಿ ಹಚ್ಚಿ ರಾತ್ರಿಯೆಲ್ಲ ನಿದ್ದೆ ಅಳೆಯುತ್ತಾರೆ. ಬಹಳ ಒಳ್ಳೆಯದು, ಉಪಯೋಗಿಸಿರಿ. ಆದರೆ ಅಮರಪ್ಪ ಯಾಕೆ ಗೋಡೆ ತಟ್ಟುತ್ತಿದ್ದ ಎಂಬುದನ್ನು ನಮಗೆ ತಿಳಿಸಿದ್ದು ಅವನ ಜೊತೆ ಮಲಗಿದವಳು ಮತ್ತು ಅವನ ಜೊತೆ ಕೆಲಸ ಮಾಡಿದವನು. ಆ ಇಬ್ಬರಿಗೂ ಒಂದೊಂದು ಕುರ್ಚಿ ಹಾಕಿ ಕೂರಿಸಿ.

ನಾನು ಸಿಂಧನೂರಿನಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಗೆ ಆಸ್ಪತ್ರೆಯ ಅಂಗಳದಲ್ಲಿ ಹಲಗೆಯ ವೇದಿಕೆ ಕಟ್ಟಿ ಶಾಮಿಯಾನ ಹಾಕಿದ್ದರು. ಭಾಷಣ ಮಾಡುವ ಸಾಹೇಬರುಗಳು ಬಂದಿದ್ದರು, ಗೊರೇಬಾಳದ ಈರೇಶಪ್ಪ ಮತ್ತೆ ಅಕ್ಕಿ ಚೀಲ ಹೊತ್ತು ಬಂದಿದ್ದ. ಆ ದಿನ ಬೈಯಲು ಬಾಯಿ ಬರಲಿಲ್ಲ. ನನ್ನ ಹೆಸರು ಕೂಗಿದರು. ನಾನು ಮೆಟ್ಟಿಲು ಹತ್ತಬೇಕು ಎನ್ನುವಷ್ಟರಲ್ಲಿ ಜನರ ನಡುವಿನಿಂದ ಒಬ್ಬ ಮನುಷ್ಯ ಎದ್ದು ಬಂದ.

ಅಮರಪ್ಪ. ಬಲಗೈ ಬೀಸುತ್ತ ಬಂದ. ತುಸು ಕಡಿಮೆ, ಆದರೂ ಬೀಸುತ್ತಿತ್ತು. ಹಿಂದೆ ಶರಣಮ್ಮ, ಅವಳ ಹಿಂದೆ ಮಾನಪ್ಪ. ಅವನು ನನಗೆ ನಮಸ್ಕಾರ ಮಾಡಲಿಲ್ಲ, ಹಾರ ಹಾಕಲಿಲ್ಲ. ತಡೀರಿ ಎಂಬಂತೆ ಕೈ ತೋರಿಸಿ ನನಗಿಂತ ಮೊದಲು ವೇದಿಕೆ ಹತ್ತಿದ. ನನ್ನ ಕುರ್ಚಿಯ ಹತ್ತಿರ ಹೋಗಿ, ನೆತ್ತಿಯ ಮೇಲೆ ಅಡ್ಡ ಹಾಯ್ದಿದ್ದ ಶಾಮಿಯಾನದ ಮರದ ತೊಲೆಯನ್ನು ಮುಷ್ಟಿಯಿಂದ ತಟ್ಟಿದ. ಕಿವಿಗೊಟ್ಟು ನಿಂತ. ಮತ್ತೆ ತಟ್ಟಿದ. ಸಾಹೇಬರುಗಳು ಮುಖ ಮುಖ ನೋಡಿಕೊಂಡರು. ಮಾನಪ್ಪ ಕೆಳಗೆ ನಿಂತು ಗಹಗಹಿಸಿ ನಗುತ್ತಿದ್ದ, ಅವನ ಕೆನ್ನೆ ಒದ್ದೆಯಾಗಿತ್ತು.

ಅಮರಪ್ಪ ನನ್ನ ಕಡೆ ತಿರುಗಿದ. ಹಾಡುಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ, ಮೈಕಿನ ಹಂಗಿಲ್ಲದೆ ಕೊನೆಯ ಸಾಲಿನವರೆಗೂ ಕೇಳುವ ದನಿಯಲ್ಲಿ ಕೂಗಿದ:

"ಗಟ್ಟಿ ಐತ್ರೀ ಡಾಕ್ಟರಮ್ಮಾರ! ಬರ್ರೀ, ಕೂಡ್ರಿ!"